ತಾಯಿ ಆಡದ ಮಾತೃಭಾಷೆ

ಮಗುವನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ 'ಮಾತೃಭಾಷೆ' ಎಂಬ ಒಂದು ಸಾಲು ಇರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮಗುವಿನ ಹೆಸರು ಮುಸ್ಲಿಮ್ ಹೆಸರಾದರೆ ಆ ಸಾಲಿನ ಮುಂದೆ 'ಉರ್ದು' ಎಂದು ಬರೆಯುವುದು ವಾಡಿಕೆ. ಬರೆಯುವ ಮೇಷ್ಟ್ರಿಗೂ ಅನುಮಾನವಿಲ್ಲ, ಬರೆಸುವ ತಂದೆಗೂ ಇಲ್ಲ. ಆದರೆ ಆ ಮಗುವಿನ ತಾಯಿ ಮನೆಯಲ್ಲಿ ಆಡುವ ಮಾತು ಉರ್ದು ಪಠ್ಯಪುಸ್ತಕದ ಮಾತಲ್ಲ. ಆಕೆ ಆಡುವುದು ದಖನಿ. ಈ ಎರಡಕ್ಕೂ ನಡುವೆ ಇರುವ ಅಂತರವನ್ನು ನಾವು ಮುಸ್ಲಿಮರೂ ಗಂಭೀರವಾಗಿ ಪರಿಗಣಿಸಿಲ್ಲ, ಭಾಷಾನೀತಿಯನ್ನು ರೂಪಿಸುವವರೂ ಪರಿಗಣಿಸಿಲ್ಲ. ಹಾಗಾಗಿ ಮಾತೃಭಾಷಾ ಶಿಕ್ಷಣದ ಬಗ್ಗೆ ನಾಡಿನಲ್ಲಿ ನಾಲ್ಕು ದಶಕಗಳಿಂದ ನಡೆದ ಅಷ್ಟೂ ವಾಗ್ವಾದಗಳಲ್ಲಿ ತಾಯಿಯ ಹೆಸರು ಇದೆ, ತಾಯಿಯ ಮಾತು ಇಲ್ಲ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಸೀಮೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಗೂಡು ತರುವವರು ಬಹುಪಾಲು ಒಕ್ಕಲಿಗ ಮತ್ತಿತರ ರೈತರು, ಕೊಂಡು ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಬಹಳ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗು ಹಿಡಿದು ಗೊಂಬೆ ಮಾಡುವ ಕಸುಬಿನಲ್ಲೂ ಮುಸ್ಲಿಮ್ ಮನೆಗಳು ಬಹಳ. ಇಲ್ಲಿ ವ್ಯಾಪಾರ ಕನ್ನಡದಲ್ಲಿ, ಮನೆ ದಖನಿಯಲ್ಲಿ. ಒಂದೇ ಬಾಯಿ ದಿನಕ್ಕೆ ನೂರು ಸಲ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ.

ತಲೆಮಾರುಗಳಿಂದ ಹೀಗೆ ದಾಟುತ್ತ ಬಂದುದರ ಗುರುತು ದಖನಿಯ ಒಡಲಲ್ಲೇ ಇದೆ. 'ಬರ್ತೀನಿ ಅಂತ ಹೇಳ್ದ' ಎನ್ನುವುದನ್ನು ನಮ್ಮ ಮನೆಗಳಲ್ಲಿ 'ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತೇವೆ. ಕನ್ನಡದ 'ಅಂತ' ಕೂತಿರುವ ಜಾಗದಲ್ಲೇ ದಖನಿಯ 'ಬೋಲ್ಕೆ' ಕೂತಿದೆ. ಪುಸ್ತಕದ ಉರ್ದುವಿನಲ್ಲಿ ಈ ವಾಕ್ಯದ ಕಟ್ಟೇ ಬೇರೆ: 'ಉಸ್‌ನೇ ಕಹಾ ಕೆ ಮೈಂ ಆವೂಂಗಾ'. 'ನಿನ್ನೆ ಬಂದ ಮನುಷ್ಯ' ಎಂಬುದು ದಖನಿಯಲ್ಲಿ 'ಕಲ್ ಆಯೆ ಸೋ ಆದ್ಮಿ'. ಪುಸ್ತಕದ ಉರ್ದುವಿನಲ್ಲಾದರೆ 'ವೋ ಆದ್ಮಿ ಜೋ ಕಲ್ ಆಯಾ ಥಾ'. ದಖನಿಯ ಶಬ್ದಗಳು ಉತ್ತರದಿಂದ ಬಂದಿರಬಹುದು, ಮರಾಠಿಯ 'ನಕೋ' ನಮ್ಮಲ್ಲಿ 'ನಕ್ಕೋ' ಆಗಿರಬಹುದು. ಆದರೆ ವಾಕ್ಯವನ್ನು ಕಟ್ಟುವ ಬಗೆಯಲ್ಲಿ ದಕ್ಷಿಣದ ನುಡಿಗಳ, ಇಲ್ಲಿ ಕನ್ನಡದ, ಉಸಿರು ಸೇರಿಕೊಂಡಿದೆ. ದಖನಿ ಈ ನೆಲದಲ್ಲಿ ಬೆಳೆದ ಮಾತು ಎನ್ನಲು ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ.

ಇಂಥ ಮಾತನ್ನು ನಾಲಿಗೆಯಲ್ಲಿಟ್ಟುಕೊಂಡು ಆರು ವರ್ಷದ ಮಗು ಉರ್ದು ಶಾಲೆಯ ಒಂದನೆಯ ತರಗತಿಗೆ ಬರುತ್ತದೆ. ಅಲ್ಲಿ ಮೊದಲು ಕಲಿಯುವ ಪಾಠವೆಂದರೆ ತನ್ನ ಮಾತು ತಪ್ಪು ಎಂಬುದು. 'ಹೌ' ಅನ್ನಬಾರದು, 'ಜೀ ಹಾಂ' ಅನ್ನಬೇಕು. 'ಕಾಯ್ಕು' ಅನ್ನಬಾರದು, 'ಕ್ಯೋಂ' ಅನ್ನಬೇಕು. 'ಬಾತಾಂ' ಅಲ್ಲ, 'ಬಾತೇಂ'. 'ಬೋಲ್ಕೆ' ಎಂಬುದಂತೂ ಹಳ್ಳಿಗರ ಮಾತು. ಕಲಿಸುವ ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಅವರೂ ಸ್ಟಾಫ್ ರೂಮಿಗೆ ಹೋದರೆ ಆಡುವುದು ದಖನಿಯೇ. ಆದರೆ ಅವರ ಕೈಗೆ ಕೊಟ್ಟಿರುವ ಪುಸ್ತಕ ದೆಹಲಿ, ಲಖನೌಗಳಲ್ಲಿ ಹದಗೊಂಡ ಭಾಷೆಯದು. ಆ ಭಾಷೆಯ ಸೊಬಗಿನ ಬಗ್ಗೆ ನಮಗೆ ತಕರಾರಿಲ್ಲ. ಅದರ ಕಾವ್ಯವನ್ನು ಓದಿ ಬೆಳೆದವರು ನಾವು. ತಕರಾರಿರುವುದು ಅದನ್ನು 'ಮಾತೃಭಾಷೆ' ಎಂದು ಕರೆದು, ಮಗುವಿಗೆ ಕಲಿಯುವ ಹೊಸ ಭಾಷೆಯೆಂದು ಹೇಳದೆ, ಅದು ಈಗಾಗಲೇ ಬರಬೇಕಿತ್ತು ಎಂದು ಲೆಕ್ಕ ಹಾಕುವುದರ ಬಗ್ಗೆ. ಬೇರೆ ಭಾಷೆ ಬಾರದಿದ್ದರೆ ಮಗುವಿಗೆ ಅವಮಾನವಿಲ್ಲ. ತನ್ನದೇ ಭಾಷೆ ಬರುವುದಿಲ್ಲ ಎಂದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ಮುಂದಿನ ತರಗತಿಗಳಲ್ಲಿ ಇದು ಇನ್ನೂ ಜಟಿಲವಾಗುತ್ತದೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಗೆ ಉರ್ದು ಪುಸ್ತಕದಲ್ಲಿ 'ಜಿಯಾಯೀ ತಾಲೀಫ್' ಎಂದಿದೆ. ಇಂಥ ಪರಿಭಾಷೆಯ ಹಿಂದೆ ಒಂದು ದೊಡ್ಡ ಕನಸಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ಕೊಡಲು ಹೊರಟು, ಅದರ ಅನುವಾದ ಸಂಸ್ಥೆ ಅರಬಿ-ಫಾರಸಿ ಮೂಲದಿಂದ ಸಾವಿರಾರು ಪಾರಿಭಾಷಿಕ ಪದಗಳನ್ನು ಕಟ್ಟಿತ್ತು. ಆ ವಿಶ್ವವಿದ್ಯಾನಿಲಯ ಇಂಗ್ಲಿಷಿಗೆ ತಿರುಗಿ ಎಷ್ಟೋ ಕಾಲವಾಯಿತು. ಆ ಬಗೆಯ ಪದಗಳು ಮಾತ್ರ ನಮ್ಮ ಮಕ್ಕಳ ಪುಸ್ತಕದಲ್ಲಿ ಉಳಿದಿವೆ. ಉರ್ದು ಹೈಸ್ಕೂಲು ಹತ್ತಿರವಿಲ್ಲದೆ ಕನ್ನಡ ಮಾಧ್ಯಮಕ್ಕೆ ಹೋದ ಮಗುವಿಗೆ ಅದೇ ಕ್ರಿಯೆ 'ದ್ಯುತಿಸಂಶ್ಲೇಷಣೆ' ಆಗುತ್ತದೆ. ಕಾಲೇಜು ಮುಟ್ಟಿದರೆ 'ಫೋಟೋಸಿಂಥಸಿಸ್'. ಒಂದೇ ಎಲೆಗೆ ಮೂರು ಹೆಸರು, ಮೂರರಲ್ಲಿ ಒಂದೂ ಅಮ್ಮಿಗೆ ಗೊತ್ತಿರುವುದಲ್ಲ. ಹಾಗೆ ನೋಡಿದರೆ ಪಕ್ಕದ ಬೀದಿಯ ರೈತನ ಮಗುವಿಗೂ 'ದ್ಯುತಿಸಂಶ್ಲೇಷಣೆ' ಮನೆಮಾತಲ್ಲ. ಆದರೆ ಆ ಮಗುವಿಗೆ ದಾಟಬೇಕಾದ ಹೊಳೆ ಒಂದೋ ಎರಡೋ. ನೂಲು ಬಿಚ್ಚುವವರ ಮಗುವಿಗೆ ಪ್ರತಿ ನಾಲ್ಕೈದು ವರ್ಷಕ್ಕೊಂದು ಹೊಳೆ. ನಡುವೆ ಕೈಬಿಟ್ಟವರು ಚರಕದ ಬಿಸಿನೀರಿನ ಮುಂದೆ ಬಂದು ಕೂತರು. ಕರ್ನಾಟಕದ ರೇಷ್ಮೆ ಕಸುಬಿನಲ್ಲಿ ದುಡಿಯುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಪ್ರಕಟಿಸಿದಾಗ ಎಲ್ಲರೂ ಬಡತನದ ಬಗ್ಗೆ, ಸಾಲದ ಬಗ್ಗೆ ಮಾತಾಡಿದರು. ಅದು ಸರಿಯೇ. ಆದರೆ ಶಾಲೆಯ ಭಾಷೆ ಮಗುವನ್ನು ಹಿಡಿದಿಟ್ಟುಕೊಳ್ಳುವ ಭಾಷೆಯಾಗಿತ್ತೇ ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಕೇಳಬೇಕು.

ಇದು ನಮ್ಮೊಬ್ಬರ ಕತೆಯಲ್ಲ. ಸಿಂಗಪುರದ ಚೀನೀಯರನ್ನು ನೋಡಿ. ದಕ್ಷಿಣ ಚೀನಾದಿಂದ ವಲಸೆ ಬಂದ ಅವರ ಮನೆಗಳಲ್ಲಿ ಹೊಕ್ಕಿಯನ್, ತಿಯೊಚೂ, ಕ್ಯಾಂಟನೀಸ್, ಹಕ್ಕಾ ಮಾತುಗಳಿದ್ದವು. ಸರಕಾರ ಚೀನೀ ಜನಾಂಗದ ಎಲ್ಲ ಮಕ್ಕಳಿಗೂ ಮ್ಯಾಂಡರಿನ್ ಭಾಷೆಯೇ 'ಮಾತೃಭಾಷೆ' ಎಂದು ಶಾಲೆಯಲ್ಲಿ ಗೊತ್ತುಮಾಡಿತು. ಆ ಮಕ್ಕಳಲ್ಲಿ ಬಹುಪಾಲು ಜನರ ತಾಯಂದಿರಿಗೆ ಅದು ಮನೆಯ ಮಾತಾಗಿರಲಿಲ್ಲ. 1979ರಲ್ಲಿ 'ಮ್ಯಾಂಡರಿನ್ ಮಾತಾಡಿ' ಎಂಬ ಅಭಿಯಾನ ಶುರುವಾಯಿತು. ಮನೆಮಾತುಗಳನ್ನು 'ಉಪಭಾಷೆ' ಎಂದು ಕರೆದು ರೇಡಿಯೊ, ಟೀವಿಗಳಿಂದಲೂ ಹಂತಹಂತವಾಗಿ ಹೊರಗಿಟ್ಟರು. ಶಾಲೆಯ ಮೊದಲ ಭಾಷೆ ಮಾತ್ರ ಇಂಗ್ಲಿಷ್ ಆಯಿತು. ಫಲಿತಾಂಶ ಅಲ್ಲಿನ ಜನಗಣತಿಯಲ್ಲಿದೆ. ಮನೆಯಲ್ಲಿ ಹೆಚ್ಚಾಗಿ ಈ ಚೀನೀ ಮನೆಮಾತುಗಳನ್ನೇ ಆಡುವವರು 2010ರಲ್ಲಿ ಶೇಕಡಾ 14.3 ಇದ್ದರು, 2020ರಲ್ಲಿ ಶೇಕಡಾ 8.7ಕ್ಕೆ ಇಳಿದರು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಯಾವ ಮ್ಯಾಂಡರಿನ್‌ಗಾಗಿ ಇಷ್ಟೆಲ್ಲ ನಡೆಯಿತೋ ಅದೂ ಅದೇ ಅವಧಿಯಲ್ಲಿ 35.6ರಿಂದ 29.9ಕ್ಕೆ ಇಳಿಯಿತು. ಇಂಗ್ಲಿಷ್ 32.3ರಿಂದ 48.3ಕ್ಕೆ ಏರಿತು. ಅಜ್ಜಿಯ ಮಾತನ್ನು ಬಿಡಿಸಿ ಗೌರವದ ಭಾಷೆಯನ್ನು ಕೊಟ್ಟರು. ಅಜ್ಜಿಯ ಕೊಂಡಿ ಕಳಚಿದ ಮೇಲೆ ಆ ಗೌರವದ ಭಾಷೆಯನ್ನು ಮನೆಯೊಳಗೆ ಹಿಡಿದಿಡುವವರು ಕಡಿಮೆಯಾದರು.

ನಮ್ಮ ಸೀಮೆಯ ದಖನಿ, ಉರ್ದು, ಇಂಗ್ಲಿಷ್‌ಗಳ ನಡುವೆ ಇದೇ ಸರಣಿಯನ್ನು ಕಾಣಬಹುದು. ಆದರೆ ಇಲ್ಲಿ ನೀತಿ ಸಿಂಗಪುರದಷ್ಟು ನೇರವಾಗಿ ನಡೆಯಲಿಲ್ಲ, ಜಗಳದ ಮೂಲಕ ನಡೆಯಿತು. 1981ರಲ್ಲಿ ಬಂದ ಗೋಕಾಕ್ ವರದಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ಅದರ ಪರವಾಗಿ ನಾಡೇ ಎದ್ದು ನಿಂತಿತು. ಉರ್ದು ಹಾಗೂ ಇತರ ಭಾಷಾ ಅಲ್ಪಸಂಖ್ಯಾತರು ಆತಂಕಗೊಂಡರು. 1994ರ ಏಪ್ರಿಲ್‌ನಲ್ಲಿ ಸರಕಾರ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಆದೇಶ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಗಲಭೆಯಾಗಿ ಅಮಾಯಕರು ಜೀವ ಕಳೆದುಕೊಂಡರು. ಒಂದೇ ವರ್ಷದಲ್ಲಿ ಉರ್ದು ಕಾಗದದ ಮೇಲೆ ಮಾತೃಭಾಷೆಯೂ ಆಯಿತು, ಬೀದಿಯಲ್ಲಿ ಪರಭಾಷೆಯೂ ಆಯಿತು. ಆ ಭಯ ನಮ್ಮನ್ನು ಉರ್ದುವಿಗೆ ಇನ್ನಷ್ಟು ಅಂಟಿಸಿತು. ಉರ್ದುವನ್ನು ಉಳಿಸುವ ಹಟದಲ್ಲಿ ದಖನಿಯ ಮಾತೆತ್ತುವುದು ಒಡಕಿನ ಮಾತಾಗಿ ಕೇಳತೊಡಗಿತು.

1994ರ ಆದೇಶ ಯಾರಿಗೆ ತಟ್ಟಿತು? ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವ ಖಾಸಗಿ ಶಾಲೆಗಳು ಎಲ್ಲೆಡೆ ತಲೆಯೆತ್ತಿದವು. 2006ರಲ್ಲಿ ಅಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಸರಕಾರ ರದ್ದುಪಡಿಸಿದಾಗ, ಹಣವಿದ್ದವರು ಎಂದೋ ದಾಟಿಹೋಗಿದ್ದಾರೆ ಎಂಬುದು ಬಯಲಾಯಿತು. ಮಾತೃಭಾಷೆಯ ನಿಯಮ ಉಳಿದದ್ದು ಫೀಸು ಕಟ್ಟಲಾರದವರಿಗೆ. 2008ರಲ್ಲಿ ಹೈಕೋರ್ಟು ಆ ನಿಯಮವನ್ನು ಒಪ್ಪಲಿಲ್ಲ. 2014ರ ಮೇ 6ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪೋಷಕರೇ ಹೊರತು ಸರಕಾರವಲ್ಲ ಎಂದು ತೀರ್ಪು ಕೊಟ್ಟಿತು. ಈ ಚರಿತ್ರೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ತೀರ್ಮಾನ 2007ರಲ್ಲಿ ಜಾರಿಯಾದಾಗ ಮುಖ್ಯಮಂತ್ರಿಯಾಗಿದ್ದವರು ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗುವಾಗ ಅವರೇ ಚನ್ನಪಟ್ಟಣದ ಶಾಸಕರಾಗಿ ಮತ್ತೆ ಮುಖ್ಯಮಂತ್ರಿಯಾಗಿದ್ದರು. ಇತ್ತ ಅಲ್ಪಸಂಖ್ಯಾತ ಮಕ್ಕಳಿಗಾಗಿ ಸರಕಾರ 2017ರಲ್ಲಿ ಆರಂಭಿಸಿದ ಮೌಲಾನಾ ಆಝಾದ್ ಮಾದರಿ ಶಾಲೆಗಳೂ ಇಂಗ್ಲಿಷ್ ಮಾಧ್ಯಮದವೇ.

ಇಂಗ್ಲಿಷನ್ನು ಬಯಸಿದ ತಂದೆ-ತಾಯಿಯರನ್ನು ನಾವು ಹಳಿಯುವುದಿಲ್ಲ. ಗಂಟೆಯೊಳಗೆ ತಲುಪುವ ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕಾದ ಮಗುವಿಗೆ ಇಂಗ್ಲಿಷ್ ಬೇಡ ಎನ್ನುವ ಹಕ್ಕು, ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲೇ ಓದಿಸಿದ ಯಾರಿಗೂ ಇಲ್ಲ. ಆದರೆ ಈಗ ಆಗುತ್ತಿರುವುದನ್ನೂ ನೋಡಬೇಕು. ಇಂಗ್ಲಿಷ್ ಶಾಲೆಯ ವ್ಯಾನು ಹತ್ತುವ ಮಗು ಉರ್ದು ಲಿಪಿಯನ್ನು ಕಲಿಯುವುದಿಲ್ಲ, ಕನ್ನಡವನ್ನು ಪರೀಕ್ಷೆಗೆ ಬೇಕಾದಷ್ಟು ಕಲಿಯುತ್ತದೆ. ಮನೆಯಲ್ಲಿ ದಖನಿ ಆಡುತ್ತದೆ, ಆದರೆ ಆ ದಖನಿಯಲ್ಲಿ ಬಣ್ಣದ ಹೆಸರು, ವಾರದ ಹೆಸರು, ಲೆಕ್ಕ ಎಲ್ಲ ಇಂಗ್ಲಿಷಿನವು. ಮೊಬೈಲಿನಲ್ಲಿ ಅಮ್ಮಿಗೆ ಸಂದೇಶ ಕಳಿಸುವಾಗ ರೋಮನ್ ಅಕ್ಷರ. ಜನಗಣತಿಗೆ ಇದು ಕಾಣುವುದಿಲ್ಲ. ಕರ್ನಾಟಕದಲ್ಲಿ ಉರ್ದುವನ್ನು ಮಾತೃಭಾಷೆ ಎಂದು ಬರೆಸಿದವರು 2001ರಲ್ಲಿ ಸುಮಾರು ಶೇಕಡಾ 10.5, 2011ರಲ್ಲಿ ಶೇಕಡಾ 10.83. ಅಂಕಿ ಏರಿದೆ. ಅದರ ಒಳಗಿರುವ ಮಾತು ಸವೆಯುತ್ತಿದೆ.

ಈ ಸವೆತದಲ್ಲಿ ಸರಕಾರಕ್ಕಿರುವಷ್ಟೇ ಪಾಲು ನಮ್ಮ ಸಮುದಾಯದ ಪ್ರತಿಷ್ಠಿತರಿಗೂ ಇದೆ. ಉರ್ದು ಉಳಿಸಿ ಎಂದು ವೇದಿಕೆಯಲ್ಲಿ ಗುಡುಗಿದವರ ಮಕ್ಕಳು ಉರ್ದು ಶಾಲೆಯ ಬೆಂಚಿನ ಮೇಲೆ ಕೂತದ್ದು ಅಪರೂಪ. ದಖನಿಯನ್ನಂತೂ ನಾವು ನಗೆಯ ಮಾತಾಗಿ ಮಾಡಿಟ್ಟಿದ್ದೇವೆ. ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೈಮಾನ್ ಖತೀಬ್ ಅವರು ದಖನಿಯಲ್ಲಿ ಬಡ ಮನೆಗಳ ಸಂಕಟವನ್ನು ಬರೆದ ದೊಡ್ಡ ಕವಿ. ಮುಶಾಯಿರಾಗಳಲ್ಲಿ ಅವರನ್ನು ಹಾಸ್ಯಕವಿ ಎಂದು ಕೂರಿಸಿ ಚಪ್ಪಾಳೆ ತಟ್ಟಿದೆವು. ಹಿಂದಿ ಸಿನಿಮಾದಲ್ಲಿ ದಖನಿ ಬಂದರೆ ಅದು ವಿದೂಷಕನ ಬಾಯಲ್ಲಿ. ಕನ್ನಡ ಸಿನಿಮಾ, ನಾಟಕಗಳಲ್ಲಿ ಸಾಬಿಯ ಪಾತ್ರ ಬಂದರೆ 'ನಮ್ದುಕೆ ನಿಮ್ದುಕೆ' ಎನ್ನಲೇಬೇಕು, ಪ್ರೇಕ್ಷಕರು ನಗಲೇಬೇಕು. ಮುಸ್ಲಿಮರ ಕನ್ನಡದಲ್ಲಿ ದಖನಿ ಬೆರೆತರೆ ಎಲ್ಲರಿಗೂ ಕಾಣುತ್ತದೆ. ಮುಸ್ಲಿಮರ ದಖನಿಯಲ್ಲಿ ಕನ್ನಡ ಬೆರೆತಿರುವುದು ಕನ್ನಡದ ಅಭಿಮಾನಿಗಳಿಗೂ ಕಾಣುವುದಿಲ್ಲ. ಉರ್ದು ಶಾಲೆ 'ಬೋಲ್ಕೆ'ಯನ್ನು ಅಳಿಸಿದಾಗ ಅಳಿಸಿದ್ದು ಕನ್ನಡದ ಋಣವನ್ನೇ ಎಂದು ಯಾರಾದರೂ ಯೋಚಿಸಿದ್ದುಂಟೇ?

ಹಿಂದಿನವರು ಹೀಗಿರಲಿಲ್ಲ. ಈ ಭಾಷೆಯಲ್ಲಿ ನಮಗೆ ದೊರೆತಿರುವ ಅತಿ ಹಳೆಯ ದೀರ್ಘಕಾವ್ಯಗಳಲ್ಲೊಂದಾದ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' 15ನೆಯ ಶತಮಾನದಲ್ಲಿ ಬೀದರಿನಲ್ಲಿ ಹುಟ್ಟಿತು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ನುಸ್ರತಿ ಬರೆದ. ಬಿಜಾಪುರದ ಸೂಫಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೆಂಗಸರು ಬೀಸುವಾಗ ಹಾಡಲು ಚಕ್ಕಿನಾಮಾ, ನೂಲುವಾಗ ಹಾಡಲು ಚರಖಾನಾಮಾ ರಚಿಸಿದರು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾರೆ. ಅರಬಿ, ಫಾರಸಿ ಬಲ್ಲ ವಿದ್ವಾಂಸರು ಅಧ್ಯಾತ್ಮವನ್ನು ಹೇಳಲು ಬೀಸುಕಲ್ಲಿನ ಬಳಿಗೆ, ತಾಯಂದಿರ ಮಾತಿಗೆ ಇಳಿದು ಬಂದರು. ಕನ್ನಡದ ಬೀಸುವ ಪದಗಳ ಪಕ್ಕದಲ್ಲೇ ಕೂತು ಕೇಳಬೇಕಾದ ಹಾಡುಗಳಿವು. ನಮ್ಮ ಶಾಲೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ತಾಯಿಯೇ ಪುಸ್ತಕದ ಕಡೆಗೆ ಬರಬೇಕು, ಬರಲಾಗದಿದ್ದರೆ ಸುಮ್ಮನಿರಬೇಕು ಎಂದಿತು.

ಸುಮ್ಮನಾದವರು ದಖನಿಯವರಷ್ಟೇ ಅಲ್ಲ. ರಾಮನಗರ, ಮಾಗಡಿ, ಕನಕಪುರದ ಕಾಡಂಚುಗಳಲ್ಲಿರುವ ಇರುಳಿಗರಿಗೆ ತಮ್ಮದೇ ನುಡಿಯಿದೆ. ಅದಕ್ಕೆ ಶಾಲೆಯ ಅರ್ಜಿಯಲ್ಲಿ ತಪ್ಪು ಹೆಸರು ಕೊಡುವವರೂ ಇಲ್ಲ, ಆ ಮಗು ಶಾಲೆಯ ಮೆಟ್ಟಿಲು ಹತ್ತಿದೊಡನೆ ಕನ್ನಡದ ಮಗು. ಕನ್ನಡಿಗರಿಗೆ ಈ ನೋವು ತಿಳಿಯದ್ದೇನಲ್ಲ. 2017ರಲ್ಲಿ ಕೇರಳ ಸರಕಾರ ಎಲ್ಲ ಶಾಲೆಗಳಲ್ಲೂ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಮ್ಮ ಮಕ್ಕಳ ನಾಲಿಗೆಯಿಂದ ಕನ್ನಡ ಜಾರುತ್ತದೆ ಎಂಬ ಅವರ ಅಳಲು ನ್ಯಾಯವಾದದ್ದು. ಅದೇ ಅಳಲು ಗಡಿಯ ಈಚೆ ಬೇರೆ ನುಡಿಯಲ್ಲಿ ಕೇಳಿಬಂದರೆ ಅದನ್ನು ನಾಡದ್ರೋಹ ಎನ್ನಲಾಗದು.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡ ನಾಡು ಸಂಭ್ರಮಿಸಿತು. ಮನೆಯಲ್ಲಿ ದಖನಿ ಉರ್ದು ಆಡಿ, ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿದ ಲೇಖಕಿ ಅವರು. ಆ ಕತೆಗಳ ಹೆಂಗಸರು ನಮ್ಮ ಕಿವಿಗೆ ಹತ್ತಿರವಾಗುವುದು ಅವರ ಕನ್ನಡದ ಅಡಿಯಲ್ಲಿ ಇನ್ನೊಂದು ಮಾತು ಹರಿಯುತ್ತಿರುವುದರಿಂದ. ನಿಸಾರ್ ಅಹಮದರಿಂದ ಹಿಡಿದು ಇಂದಿನವರೆಗೆ ಮನೆಯಲ್ಲಿ ಒಂದು, ಬರವಣಿಗೆಯಲ್ಲಿ ಒಂದು ಮಾತಿಟ್ಟುಕೊಂಡವರು ಕನ್ನಡಕ್ಕೆ ಕೊಟ್ಟದ್ದು ಕಡಿಮೆಯಲ್ಲ. ಅಡಿಯ ಆ ಹರಿವು ಬತ್ತಿದರೆ ನಷ್ಟ ಮುಸ್ಲಿಮರಿಗೆ ಮಾತ್ರ ಎಂದುಕೊಂಡವರು ಸಾಹಿತ್ಯ ಹುಟ್ಟುವ ಬಗೆಯನ್ನು ಅರಿತಿಲ್ಲ. ನಮ್ಮಂಥ ಕತೆಗಾರರಿಗೆ ನಾಳೆ ಅಮ್ಮಿಯ ಮಾತನ್ನು ಬರೆಯಬೇಕೆಂದರೆ ನಿಘಂಟು ಹುಡುಕುವ ಸ್ಥಿತಿ ಬರಬಾರದು. ದಖನಿಗೆ ಆ ನಿಘಂಟೂ ಸುಲಭಕ್ಕೆ ಸಿಗುವುದಿಲ್ಲ.

ಹಾಗಾದರೆ ಆಗಬೇಕಾದ್ದೇನು? ದಖನಿ ಮಾಧ್ಯಮದ ಶಾಲೆ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಮಗುವಿಗೆ ಇನ್ನೊಂದು ಪುಸ್ತಕದ ಹೊರೆ ಬೇಡ. ಒಂದು, ಎರಡನೆಯ ತರಗತಿಗಳಲ್ಲಿ ಮಗು ತನ್ನ ಮಾತಿನಲ್ಲೇ ಉತ್ತರ ಕೊಡಲಿ, ಅದನ್ನು ತಪ್ಪು ಎನ್ನುವುದು ನಿಲ್ಲಲಿ. ಪುಸ್ತಕದ ಉರ್ದುವನ್ನು ದಖನಿಯಿಂದ ಹೊರಟು ಕಲಿಸಲಿ, 'ಬೋಲ್ಕೆ'ಯನ್ನು ಕನ್ನಡದ 'ಅಂತ'ದ ಪಕ್ಕದಲ್ಲಿಟ್ಟು ಕನ್ನಡವನ್ನೂ ಕಲಿಸಲಿ. ಉರ್ದು ಶಾಲೆಯ ಮಗುವಿಗೆ ಕನ್ನಡವನ್ನು ಕಲಿಸಲು ಇಷ್ಟು ಹತ್ತಿರದ ಹಾದಿ ಇನ್ನೊಂದಿಲ್ಲ. ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಕೆಲವು ದಿನ ಮೀಸಲಿಡಬಹುದು. ಉರ್ದು ಶಾಲೆಗಳಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸಬಲ್ಲ ಶಿಕ್ಷಕರು ಇರಬೇಕು. ಅವಿಲ್ಲದೆ ಮಾತೃಭಾಷೆಯನ್ನಷ್ಟೇ ಕೊಡುವುದು ಬಡವರ ಮಕ್ಕಳನ್ನು ಕಟ್ಟಿಹಾಕಿದಂತೆ. ತೈವಾನಿನಲ್ಲಿ 2001ರಿಂದ ಪ್ರಾಥಮಿಕ ಶಾಲೆಗಳಲ್ಲಿ ಸ್ಥಳೀಯ ಮನೆಮಾತುಗಳಿಗೆ ವಾರಕ್ಕೊಂದು ಪೀರಿಯಡ್ ಇಟ್ಟರು. ಒಂದು ಪೀರಿಯಡ್ಡಿನಿಂದ ಭಾಷೆ ಉಳಿಯುತ್ತದೆಂದಲ್ಲ, ಆದರೆ ತನ್ನ ಮಾತು ಶಾಲೆಯೊಳಗೆ ಬರಬಹುದು ಎಂಬುದು ಮಗುವಿಗೆ ಗೊತ್ತಾಗುತ್ತದೆ.

ರಾಜ್ಯ ಶಿಕ್ಷಣ ನೀತಿಗಾಗಿ ನೇಮಕವಾದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಐದನೆಯ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಶಿಫಾರಸು ಮಾಡಿದೆ. 1994ರ ಆ ಮಾತೇ ಮತ್ತೆ ಬಂದಿದೆ. ಅದು ಫೀಸು ಕಟ್ಟುವವರಿಗೂ ಕಟ್ಟಲಾರದವರಿಗೂ ಒಂದೇ ಆಗಿರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಅಲ್ಲಿ ಹೇಳಿದ ಮಾತೃಭಾಷೆ ಯಾರ ತಾಯಿಯದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸರಕಾರ ಉತ್ತರ ಕೊಡಬೇಕು. ಎರಡನೆಯದಕ್ಕೆ ಉತ್ತರವನ್ನು ಅರ್ಜಿಯಲ್ಲಿ 'ಉರ್ದು' ಎಂದು ಬರೆಸಿ ಹಗುರಾಗುವ ನಾವೇ ಕೊಡಬೇಕಾಗಿದೆ.